ಸೊನ್ನೆ ತೋರಿಸುವ ಗ್ಯಾಸ್ ಸೆನ್ಸರ್ ಬದುಕಿದೆಯೇ? ಎಸ್‌ಟಿಪಿ, ಇಟಿಪಿಗಳಲ್ಲಿ ಸ್ವಯಂ ತಪಾಸಣೆಯ ಡಿಟೆಕ್ಟರ್: ಸಮಗ್ರ ಮಾರ್ಗದರ್ಶಿ

ಕೊಳಚೆ ನೀರು ಶುದ್ಧೀಕರಿಸುವ ಎಸ್‌ಟಿಪಿ ರೂಮಿನ ಪ್ಯಾನೆಲ್ ಮೇಲೆ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಗಾಳಿ '0 ಪಿಪಿಎಂ' (ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಎಷ್ಟು ಭಾಗ ಎಂಬ ಅಳತೆ) ಎಂದು ತೋರಿಸುತ್ತಿದೆ ಎಂದುಕೊಳ್ಳಿ. ಗಾಳಿ ಶುದ್ಧವಾಗಿದ್ದರೂ ಅಷ್ಟೇ ತೋರಿಸುತ್ತದೆ, ಸೆನ್ಸರ್ ಸತ್ತಿದ್ದರೂ ಅಷ್ಟೇ ತೋರಿಸುತ್ತದೆ. ಬೇರೆ ಉಪಕರಣಗಳಲ್ಲಿ ಈ ತಾಪತ್ರಯ ಇಷ್ಟಿಲ್ಲ. ಪ್ರೆಶರ್ ಗೇಜ್ ಕೆಟ್ಟರೆ ಪಂಪ್ ಓಡುತ್ತಿದ್ದರೂ ಮುಳ್ಳು ಏಳುವುದಿಲ್ಲ, ಆಪರೇಟರ್‌ಗೆ ಅಲ್ಲೇ ಗೊತ್ತಾಗುತ್ತದೆ. ಗ್ಯಾಸ್ ಡಿಟೆಕ್ಟರ್‌ಗೆ ವರ್ಷಗಟ್ಟಲೆ ಕೆಲಸವೇ ಬೀಳದಿರಬಹುದು, ಬಿದ್ದ ದಿನ ಮಾತ್ರ ಅದು ತಪ್ಪುವಂತಿಲ್ಲ.

'ಕೊಳೆತ ಮೊಟ್ಟೆಯ ವಾಸನೆ ಬಂದೇ ಬರುತ್ತಲ್ಲ, ಸೆನ್ಸರ್ ಯಾಕೆ' ಎನ್ನುವವರು ಈಗಲೂ ಇದ್ದಾರೆ. ಸುಮಾರು 100 ಪಿಪಿಎಂ ಮುಟ್ಟುವ ಹೊತ್ತಿಗೆ ಮೂಗು ಆ ವಾಸನೆ ಹಿಡಿಯುವುದನ್ನೇ ಬಿಡುತ್ತದೆ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಶ್ 'ಜೀವಕ್ಕೆ ತಕ್ಷಣದ ಅಪಾಯ' ಎಂದು ಗುರುತಿಸಿರುವುದೂ ಅದೇ 100ನ್ನು. 2025ರ ನವೆಂಬರ್‌ನಲ್ಲಿ ಹೊಸ ಕಾರ್ಮಿಕ ಸಂಹಿತೆ ಬರುವವರೆಗೆ ಇದ್ದ ನಮ್ಮ 1948ರ ಫ್ಯಾಕ್ಟರಿ ಕಾಯಿದೆಯ ಎರಡನೇ ಅನುಸೂಚಿಯಲ್ಲಿ 8 ಗಂಟೆಯ ಸರಾಸರಿ ಮಿತಿ 10 ಪಿಪಿಎಂ, 15 ನಿಮಿಷದ ಮಿತಿ 15 ಪಿಪಿಎಂ ಇತ್ತು. 2022ರ ಏಪ್ರಿಲ್‌ನಲ್ಲಿ ಮಂಗಳೂರಿನ ಬಜ್ಪೆ ಬಳಿಯ ಮೀನು ಸಂಸ್ಕರಣಾ ಘಟಕವೊಂದರ ತ್ಯಾಜ್ಯದ ತೊಟ್ಟಿಯಲ್ಲಿ ಐವರು ಕಾರ್ಮಿಕರು ವಿಷಗಾಳಿಗೆ ಸತ್ತರು. ಮರುವರ್ಷ ಅದೇ ತಿಂಗಳು ಲುಧಿಯಾನದ ಗಿಯಾಸ್‌ಪುರದಲ್ಲಿ 11 ಜನ ಸತ್ತರು.

ಈಗ ಮಾರುಕಟ್ಟೆಗೆ ಬರುವ ಬಹುಪಾಲು ಡಿಟೆಕ್ಟರ್‌ಗಳ ಕ್ಯಾಟಲಾಗ್‌ನಲ್ಲಿ 'ಸೆಲ್ಫ್ ಡಯಾಗ್ನೋಸಿಸ್' ಎಂದು ಬರೆದೇ ಇರುತ್ತದೆ. ಆ ಮಾತನ್ನು ನಂಬಿ ಕ್ಯಾಲಿಬ್ರೇಶನ್ (ಅಳತೆ ಗೊತ್ತಿರುವ ಗ್ಯಾಸ್ ಕೊಟ್ಟು ರೀಡಿಂಗ್ ಸರಿಹೊಂದಿಸುವ ಕೆಲಸ) ಗುತ್ತಿಗೆ ನಿಲ್ಲಿಸಿದ ಜಾಗಗಳೂ ಇವೆ. ಸ್ವಯಂ ತಪಾಸಣೆ ಎಲ್ಲಿಯವರೆಗೆ ನೋಡುತ್ತದೆ, ಎಲ್ಲಿಂದಾಚೆ ನಾವೇ ನೋಡಬೇಕು ಎಂಬ ಗೆರೆ ಗೊತ್ತಿದ್ದರೆ ಅದು ತುಂಬ ಒಳ್ಳೆಯ ಸೌಲಭ್ಯ. ಆ ಗೆರೆ ಎಲ್ಲಿದೆ ಎಂದು ತೋರಿಸುವುದೇ ಈ ಮಾರ್ಗದರ್ಶಿಯ ಉದ್ದೇಶ. ಉದಾಹರಣೆಗೆ ಅಪಾರ್ಟ್‌ಮೆಂಟ್‌ಗಳ ಬೇಸ್‌ಮೆಂಟಿನ ಎಸ್‌ಟಿಪಿ ಮತ್ತು ಸಣ್ಣ ಕಾರ್ಖಾನೆಗಳ ಇಟಿಪಿಯನ್ನು (ತ್ಯಾಜ್ಯನೀರು ಸಂಸ್ಕರಿಸುವ ಘಟಕ) ತೆಗೆದುಕೊಂಡಿದ್ದೇನೆ. ಅಮೋನಿಯಾ ಇರುವ ಕೋಲ್ಡ್ ಸ್ಟೋರೇಜ್‌ಗೂ ಹೆಚ್ಚೂಕಡಿಮೆ ಇದೇ ವಿಧಾನ ನಡೆಯುತ್ತದೆ, ಅಂಕಿಗಳು ಮಾತ್ರ ಬೇರೆ.

ಮೊದಲೇ ಒಂದು ಮಾತು. ಗೋಡೆಗೆ ಹಾಕಿದ ಡಿಟೆಕ್ಟರ್ ಯಾರಿಗೂ ಟ್ಯಾಂಕಿಗೆ ಇಳಿಯಲು ಕೊಟ್ಟ ಪರವಾನಗಿ ಅಲ್ಲ. ರಕ್ಷಣಾ ಸಾಧನಗಳಿಲ್ಲದೆ ಒಳಚರಂಡಿ, ಸೆಪ್ಟಿಕ್ ಟ್ಯಾಂಕ್‌ಗೆ ಆಳನ್ನು ಇಳಿಸುವುದು 2013ರ ಮಲಹೊರುವ ಪದ್ಧತಿ ನಿಷೇಧ ಕಾಯಿದೆಯ ಪ್ರಕಾರ ಅಪರಾಧ.

ಹಂತ 1: ಯಾವ ಸೆನ್ಸರ್ ತನ್ನ ಬಗ್ಗೆ ಏನು ಹೇಳಬಲ್ಲದು ಎಂದು ತಿಳಿದು ಆಯ್ಕೆ ಮಾಡಿ

ಹೈಡ್ರೋಜನ್ ಸಲ್ಫೈಡ್, ಕಾರ್ಬನ್ ಮಾನಾಕ್ಸೈಡ್, ಕ್ಲೋರಿನ್, ಅಮೋನಿಯಾಗಳಿಗೆ ಸಾಮಾನ್ಯವಾಗಿ ಬಳಸುವುದು ಎಲೆಕ್ಟ್ರೋಕೆಮಿಕಲ್ ಸೆಲ್. ಒಳಗೆ ಎಲೆಕ್ಟ್ರೋಲೈಟ್ ಮತ್ತು ಎಲೆಕ್ಟ್ರೋಡ್‌ಗಳು, ಮುಂದೆ ಗ್ಯಾಸ್ ನುಸುಳುವ ತೆಳು ಪೊರೆ. ಗ್ಯಾಸ್ ಬಂದರೆ ಮೈಕ್ರೋಆಂಪ್ ಮಟ್ಟದ ಕರೆಂಟ್ ಹುಟ್ಟುತ್ತದೆ, ಶುದ್ಧ ಗಾಳಿಯಲ್ಲಿ ಹೆಚ್ಚೂಕಡಿಮೆ ಸೊನ್ನೆ. ಎಲೆಕ್ಟ್ರೋಲೈಟ್ ಒಣಗಿದರೂ ಸೊನ್ನೆಯೇ.

ಇದನ್ನು ಹಿಡಿಯಲು ತಯಾರಕರು ಒಂದು ಜಾಣ ಉಪಾಯ ಮಾಡಿದ್ದಾರೆ. ಸರ್ಕ್ಯೂಟ್ ಆಗಾಗ ಸೆಲ್‌ಗೆ ಕೆಲವೇ ಮಿಲಿವೋಲ್ಟ್‌ನ ಒಂದು ಪಲ್ಸ್ ಕೊಡುತ್ತದೆ. ಆರೋಗ್ಯವಾಗಿರುವ ಸೆಲ್ ದೊಡ್ಡ ಕೆಪಾಸಿಟರ್ ತರಹ ವರ್ತಿಸುತ್ತದೆ: ಕರೆಂಟ್ ಚಕ್ಕನೆ ಮೇಲೆದ್ದು ನಿಧಾನವಾಗಿ ಇಳಿಯುತ್ತದೆ. ಒಣಗಿದ ಸೆಲ್, ಕಿತ್ತುಹೋದ ಪಿನ್, ಸಾಕೆಟ್‌ನಲ್ಲಿ ಸೆಲ್ಲೇ ಇಲ್ಲದಿರುವುದು, ಇವುಗಳಲ್ಲಿ ಆ ಏರಿಳಿತ ಕಾಣದು. ಆಗ ಡಿಟೆಕ್ಟರ್ ತಾನೇ ಫಾಲ್ಟ್, ಎಂದರೆ 'ನಾನು ಕೆಟ್ಟಿದ್ದೇನೆ' ಎಂಬ ಸೂಚನೆ, ಕೊಡುತ್ತದೆ. ಪಲ್ಸ್ ನಡೆಯುವಾಗ ರೀಡಿಂಗ್ ಅಲುಗಾಡುವುದರಿಂದ ಹಲವು ಮಾಡೆಲ್‌ಗಳು ಅಷ್ಟು ಹೊತ್ತು ಹಳೆಯ ರೀಡಿಂಗ್ ಹಿಡಿದಿಟ್ಟುಕೊಂಡಿರುತ್ತವೆ. ಎಷ್ಟು ಹೊತ್ತು, ದಿನಕ್ಕೆ ಎಷ್ಟು ಸಲ ಎಂದು ಮ್ಯಾನ್ಯುಯಲ್‌ನಲ್ಲಿ ನೋಡಿಕೊಳ್ಳಿ.

ಆದರೆ ಈ ಪಲ್ಸ್ ಸೆಲ್ಲಿನ ಹಿಂಬದಿಯಿಂದ ಮಾಡುವ ಪರೀಕ್ಷೆ. ಮುಂದಿನ ಪೊರೆಯ ಮೇಲೆ ಪೇಂಟ್ ಬಿದ್ದಿದ್ದರೆ, ಸ್ಲಡ್ಜ್ ಸಿಡಿದು ಒಣಗಿದ್ದರೆ, ಜೇಡ ಗೂಡು ಕಟ್ಟಿದ್ದರೆ ಅದಕ್ಕೆ ಕಾಣುವುದಿಲ್ಲ. ಸೆಲ್ ನೂರಕ್ಕೆ ನೂರು ಆರೋಗ್ಯ, ಗ್ಯಾಸ್ ಮಾತ್ರ ಒಳಗೆ ಬರದು. ಕೆಲವು ದುಬಾರಿ ಮಾಡೆಲ್‌ಗಳು ಧ್ವನಿ ತರಂಗ ಬಳಸಿ ಮುಂದಿನ ದಾರಿ ತೆರೆದಿದೆಯೇ ಎಂದೂ ನೋಡುತ್ತವೆ. ಇನ್ನು ಕೆಲವು ಒಂದಿಷ್ಟು ಹೈಡ್ರೋಜನ್ ತಾವೇ ತಯಾರಿಸಿ ಕಾರ್ಬನ್ ಮಾನಾಕ್ಸೈಡ್ ಸೆಲ್‌ಗೆ ಉಣಿಸಿ ನೋಡುತ್ತವೆ, ಯಾಕೆಂದರೆ ಆ ಸೆಲ್ ಹೈಡ್ರೋಜನ್‌ಗೂ ಸ್ಪಂದಿಸುತ್ತದೆ. ಖರೀದಿಗೆ ಮುನ್ನ ಸೇಲ್ಸ್‌ನವರನ್ನು ಕೇಳಬೇಕಾದದ್ದು ಒಂದೇ ಪ್ರಶ್ನೆ: 'ಫಿಲ್ಟರ್ ಮೇಲೆ ಟೇಪ್ ಅಂಟಿಸಿದರೆ ನಿಮ್ಮ ಡಿಟೆಕ್ಟರ್ ಫಾಲ್ಟ್ ಕೊಡುತ್ತದೆಯೇ?' ಉತ್ತರ ಬರವಣಿಗೆಯಲ್ಲಿರಲಿ.

ಉರಿಯುವ ಗ್ಯಾಸ್‌ಗೆ, ಎಂದರೆ ನಮ್ಮಲ್ಲಿ ಮೀಥೇನ್‌ಗೆ, ಎರಡು ಆಯ್ಕೆ. ಅಗ್ಗದ್ದು ಕ್ಯಾಟಲಿಟಿಕ್ ಬೀಡ್, ಬಳಕೆಯಲ್ಲಿ ಪೆಲ್ಲಿಸ್ಟರ್. ಬಿಸಿ ಮಣಿಯ ಮೇಲೆ ಗ್ಯಾಸ್ ಉರಿದು ಬ್ರಿಡ್ಜ್ ಸರ್ಕ್ಯೂಟ್‌ನ ಸಮತೋಲ ತಪ್ಪಿದ್ದನ್ನು ಅಳೆಯುತ್ತದೆ. ತಂತಿ ತುಂಡಾದರೆ ಅದಕ್ಕೆ ಗೊತ್ತಾಗುತ್ತದೆ. ವಿಷ ಹತ್ತಿದರೆ ಗೊತ್ತಾಗುವುದಿಲ್ಲ. ಸಿಲಿಕೋನ್ ಸ್ಪ್ರೇ, ಸಿಲಿಕೋನ್ ಸೀಲಂಟ್‌ಗಳ ಆವಿ ತಾಗಿದ ಮಣಿ ಉರಿಸುವ ಶಕ್ತಿ ಕಳೆದುಕೊಳ್ಳುತ್ತದೆ, ಅದರ ರೆಸಿಸ್ಟೆನ್ಸ್ ಮಾತ್ರ ಮೊದಲಿನಂತೆಯೇ ಇರುತ್ತದೆ. ಹೈಡ್ರೋಜನ್ ಸಲ್ಫೈಡ್ ಕೂಡ ಇದನ್ನು ಮಂಕಾಗಿಸುತ್ತದೆ. ಸಾಲದ್ದಕ್ಕೆ ಇದಕ್ಕೆ ಆಮ್ಲಜನಕವೂ ಬೇಕು. ಎಸ್‌ಟಿಪಿಯಲ್ಲಿ ಈ ಮೂರೂ ತೊಂದರೆ ಒಟ್ಟಿಗೇ ಇರುವುದರಿಂದ ಅಲ್ಲಿ ಪೆಲ್ಲಿಸ್ಟರ್ ಬೇಡ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಎರಡನೆಯದು ಇನ್‌ಫ್ರಾರೆಡ್. ಮೀಥೇನ್ ಹೀರಿಕೊಳ್ಳುವ ಸುಮಾರು 3.3 ಮೈಕ್ರೋಮೀಟರ್‌ನ ಬೆಳಕು ಒಂದು, ಗ್ಯಾಸ್ ಮುಟ್ಟದ ಹೋಲಿಕೆಯ ಬೆಳಕು ಇನ್ನೊಂದು. ಮೊದಲನೆಯದು ಮಾತ್ರ ಕುಗ್ಗಿದರೆ ಗ್ಯಾಸ್. ಎರಡೂ ಕುಗ್ಗಿದರೆ ಗಾಜು ಕೊಳೆಯಾಗಿದೆ ಅಥವಾ ದೀಪ ಸೊರಗಿದೆ, ಆಗ ಫಾಲ್ಟ್. ತನ್ನ ಕಾಯಿಲೆಯನ್ನು ತಾನೇ ಹೇಳುವ ವಿಷಯದಲ್ಲಿ ಇದಕ್ಕೆ ಸಾಟಿಯಿಲ್ಲ. ಇದಕ್ಕೂ ಸ್ಪ್ಲ್ಯಾಷ್ ಗಾರ್ಡ್ (ಸಿಡಿಯುವ ನೀರು ತಡೆಯುವ ಮುಂದಿನ ಕವಚ) ಪೂರ್ತಿ ಮುಚ್ಚಿಹೋದದ್ದು ಕಾಣದಿರಬಹುದು. ಹೈಡ್ರೋಜನ್ ಅಂತೂ ಕಾಣುವುದೇ ಇಲ್ಲ, ಹಾಗಾಗಿ ಬ್ಯಾಟರಿ ರೂಮಿಗೆ ಇದನ್ನು ಹಾಕಬೇಡಿ.

ಆಮ್ಲಜನಕದ ಸೆನ್ಸರ್ ಒಂದು ಅಪವಾದ. ಶುದ್ಧ ಗಾಳಿಯಲ್ಲೂ ಅದು 20.9 ಶೇಕಡಾ ತೋರಿಸುತ್ತಲೇ ಇರಬೇಕು. ಸೆಲ್ ಸೊರಗಿದರೆ ರೀಡಿಂಗ್ ಇಳಿದು ಅಲಾರಂ ಹೊಡೆಯುತ್ತದೆ.

ಹಂತ 2: ಜಾಗ

ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಸ್ವಲ್ಪ ಭಾರ, ಹಾಗಾಗಿ ನೆಲದಿಂದ ಒಂದು, ಒಂದೂವರೆ ಅಡಿ ಎತ್ತರದಲ್ಲಿ. ಮೀಥೇನ್, ಅಮೋನಿಯಾ ಹಗುರ, ಸೂರಿನ ಹತ್ತಿರ. ಏರೇಶನ್ ಟ್ಯಾಂಕಿನ ನೀರು ಸಿಡಿಯುವಲ್ಲಿ ಬೇಡ. ರಾ ಸ್ಯೂಯೇಜ್ ಪಂಪ್ ಚಾಲೂ ಆದಾಗ, ಸ್ಲಡ್ಜ್ ಕದಡಿದಾಗ ನೀರಿನಲ್ಲಿ ಕರಗಿದ್ದ ಗ್ಯಾಸ್ ಒಮ್ಮೆಲೇ ಹೊರಬೀಳುತ್ತದೆ. ಕಲೆಕ್ಷನ್ ಟ್ಯಾಂಕ್ ಮುಚ್ಚಳದ ಹತ್ತಿರ, ಆಪರೇಟರ್ ನಿಲ್ಲುವ ಕಡೆ ಒಂದಂತೂ ಇರಲೇಬೇಕು. ಕೈಗೆ ಎಟುಕದ ಜಾಗಕ್ಕೆ ಹಾಕಿದ ಡಿಟೆಕ್ಟರ್‌ಗೆ ಯಾರೂ ಗ್ಯಾಸ್ ಹಿಡಿದು ನೋಡುವುದಿಲ್ಲ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಹಂತ 3: ಫಾಲ್ಟ್ ಪ್ಯಾನೆಲ್‌ವರೆಗೆ ಬರುತ್ತಿದೆಯೇ ನೋಡಿ

ಅತಿ ಹೆಚ್ಚು ತಪ್ಪು ನಡೆಯುವುದು ಇಲ್ಲಿ. ಡಿಟೆಕ್ಟರ್ ತನ್ನ ಕಾಯಿಲೆಯನ್ನು ಸರಿಯಾಗಿ ಕಂಡುಹಿಡಿದಿರುತ್ತದೆ, ಅದನ್ನು ಕೇಳಿಸಿಕೊಳ್ಳುವವರೇ ಇರುವುದಿಲ್ಲ. ಅಳವಡಿಸಿದವರು ಅಲಾರಂ ರಿಲೇಗೆ (ಸೂಚನೆ ಬಂದಾಗ ತಾನೇ ಬದಲಾಗುವ ಸ್ವಿಚ್) ಮಾತ್ರ ವೈರ್ ಎಳೆದು ಫಾಲ್ಟ್ ರಿಲೇ ಟರ್ಮಿನಲ್‌ಗಳನ್ನು ಖಾಲಿ ಬಿಟ್ಟಿರುತ್ತಾರೆ. ಅಥವಾ ಸಿಗ್ನಲ್ ಓದಿ ಅಲಾರಂ ನಡೆಸುವ ನಿಯಂತ್ರಕ ಕಂಪ್ಯೂಟರ್ ಆದ ಪಿಎಲ್‌ಸಿಯಲ್ಲಿ 4 ಮಿಲಿಆಂಪ್‌ಗಿಂತ ಕೆಳಗಿನದ್ದನ್ನೆಲ್ಲ '0' ಎಂದು ತೋರಿಸಲು ಸ್ಕೇಲಿಂಗ್ ಮಾಡಿರುತ್ತಾರೆ. ಆಗ ವೈರ್ ತುಂಡಾದರೂ ಪ್ಯಾನೆಲ್ ಮೇಲೆ '0 ಪಿಪಿಎಂ', ಹಸಿರು ದೀಪ.

ರೀಡಿಂಗನ್ನು ಕರೆಂಟ್ ರೂಪದಲ್ಲಿ ಪ್ಯಾನೆಲ್‌ಗೆ ಕಳಿಸುವ 4–20 ಮಿಲಿಆಂಪ್ ಲೂಪ್‌ಗೆ (4 ಎಂದರೆ ಸೊನ್ನೆ, 20 ಎಂದರೆ ರೇಂಜಿನ ತುದಿ) ಕಾರ್ಖಾನೆ ಉಪಕರಣಗಳ ಬಳಕೆದಾರರ ಸಂಘವಾದ ನಾಮೂರ್‌ನ ಎನ್‌ಇ 43 ಎಂಬ ಶಿಫಾರಸು ಇದೆ: 3.8ರಿಂದ 20.5ರವರೆಗೆ ಅಳತೆ; 3.6 ಮತ್ತು ಅದಕ್ಕಿಂತ ಕೆಳಗೆ, 21 ಮತ್ತು ಅದಕ್ಕಿಂತ ಮೇಲೆ ಕೆಟ್ಟಿದೆ ಎಂಬ ಸೂಚನೆ. ಎಲ್ಲ ಗ್ಯಾಸ್ ಡಿಟೆಕ್ಟರ್‌ಗಳೂ ಇದನ್ನೇ ಪಾಲಿಸುವುದಿಲ್ಲ. ಕೆಲವು ಕ್ಯಾಲಿಬ್ರೇಶನ್ ಸಮಯದಲ್ಲಿ ಒಂದು ಅಂಕಿ, ಫಾಲ್ಟ್‌ಗೆ ಬೇರೆ ಅಂಕಿ ಕಳಿಸುತ್ತವೆ. ನಿಮ್ಮ ಮಾಡೆಲ್‌ನ ಪಟ್ಟಿಯನ್ನು ಪ್ರಿಂಟ್ ತೆಗೆದು ಪ್ಯಾನೆಲ್ ಬಾಗಿಲಿನ ಒಳಗೆ ಅಂಟಿಸಿ.

ಪರೀಕ್ಷೆ ಹೀಗೆ. ಶಿಫ್ಟ್ ಇನ್‌ಚಾರ್ಜ್‌ಗೆ ತಿಳಿಸಿ. ಡಿಟೆಕ್ಟರ್‌ನ ಮುಚ್ಚಳ ಬಿಚ್ಚಬೇಡಿ, ಅಪಾಯದ ವಲಯದಲ್ಲಿ ಕರೆಂಟ್ ಇರುವಾಗ ಅದು ಸಲ್ಲದು. ಪ್ಯಾನೆಲ್ ಕಡೆಯ ಟರ್ಮಿನಲ್‌ನಲ್ಲಿ ಸಿಗ್ನಲ್ ವೈರ್ ಬಿಚ್ಚಿ. ಕೆಲವೇ ಸೆಕೆಂಡಿನಲ್ಲಿ ಫಾಲ್ಟ್ ದೀಪ, ಬಜರ್ ಬರಬೇಕು. ಬರದಿದ್ದರೆ ಸೆನ್ಸರ್ ಎಷ್ಟು ದುಬಾರಿಯದ್ದಾದರೂ ಪ್ರಯೋಜನವಿಲ್ಲ. ಮುಂದೆ ಅದೇ ಜಾಗಕ್ಕೆ ಲೂಪ್ ಕ್ಯಾಲಿಬ್ರೇಟರ್ ಜೋಡಿಸಿ ಒಂದೊಂದೇ ಅಂಕಿ ಕೊಡಿ. 0–50 ಪಿಪಿಎಂ ರೇಂಜಿನ ಹೈಡ್ರೋಜನ್ ಸಲ್ಫೈಡ್ ಡಿಟೆಕ್ಟರ್‌ಗೆ:

- 3.5 ಮಿಲಿಆಂಪ್: ಫಾಲ್ಟ್, ರೀಡಿಂಗ್ ಜಾಗದಲ್ಲಿ ಸೊನ್ನೆ ಕಾಣಬಾರದು
- 4.0: 0 ಪಿಪಿಎಂ
- 5.6: 5 ಪಿಪಿಎಂ, ಮೊದಲ ಅಲಾರಂ
- 7.2: 10 ಪಿಪಿಎಂ, ಎರಡನೇ ಅಲಾರಂ, ಫ್ಯಾನ್, ಹೂಟರ್
- 21.5: ಅಲಾರಂ ಮತ್ತು ಫಾಲ್ಟ್ ಎರಡೂ

ಕೊನೆಯ ಸಾಲಿನ ಬಗ್ಗೆ ವಿವರಣೆ ಬೇಕು. ರೇಂಜ್ ಮೀರಿ ಗ್ಯಾಸ್ ಬಂದಾಗಲೂ ಕೆಲವು ಡಿಟೆಕ್ಟರ್‌ಗಳು 20.5ಕ್ಕಿಂತ ಮೇಲೆ ಹೋಗುತ್ತವೆ. ಅದನ್ನು ಬರೀ 'ಉಪಕರಣ ಕೆಟ್ಟಿದೆ' ಎಂದು ಓದಿದರೆ ಅತಿ ದೊಡ್ಡ ಸೋರಿಕೆಯ ಹೊತ್ತಿಗೇ ಹೂಟರ್ ಸುಮ್ಮನಾಗುತ್ತದೆ. ಕೆಳಗೆ ಬಿದ್ದರೆ ಫಾಲ್ಟ್, ಮೇಲೆ ಹೋದರೆ ಗ್ಯಾಸ್ ಎಂದೇ ತಿಳಿಯಿರಿ. ಅಲಾರಂ ಅಂಕಿಗಳನ್ನು 5 ಮತ್ತು 10 ಎಂದು ಇಟ್ಟಿರುವುದು 15 ನಿಮಿಷದ ಮಿತಿಯಾದ 15 ಪಿಪಿಎಂ ಮುಟ್ಟುವ ಮೊದಲೇ ಜನ ಹೊರಗೆ ಬರಲಿ ಎಂದು.

ಹಂತ 4: ಹಳೆಯ ಡಿಟೆಕ್ಟರ್‌ಗಳಿಗೆ ಪಿಎಲ್‌ಸಿಯಲ್ಲೇ ತಪಾಸಣೆ

ಎಲ್ಲವನ್ನೂ ಹೊಸದಾಗಿ ಕೊಳ್ಳಬೇಕಿಲ್ಲ. ಇರುವ ಸಿಗ್ನಲ್‌ನಿಂದಲೇ ಒಂದಷ್ಟು ಹೊರತೆಗೆಯಬಹುದು.

ಜೀವಂತ ಸೆನ್ಸರ್‌ನ ಕರೆಂಟ್ ಚೂರಾದರೂ ಅಲುಗಾಡುತ್ತಿರುತ್ತದೆ. ಹಗಲಿನ ಬಿಸಿ, ರಾತ್ರಿಯ ತಂಪಿಗೆ ತಕ್ಕಂತೆ ಗೆರೆ ಸ್ವಲ್ಪ ಏರಿಳಿಯುತ್ತದೆ. 24 ಗಂಟೆಯ ಟ್ರೆಂಡ್ ತೆಗೆದಾಗ ಗೆರೆ ಎಳೆದಿಟ್ಟಂತೆ ಸಪಾಟಾಗಿದ್ದರೆ ಅನುಮಾನಪಡಿ. ಇದಕ್ಕೊಂದು ತೊಡಕಿದೆ: ಹಲವು ಡಿಜಿಟಲ್ ಡಿಟೆಕ್ಟರ್‌ಗಳು ಸೊನ್ನೆಯ ಆಸುಪಾಸಿನ ಸಣ್ಣ ಅಲುಗಾಟವನ್ನು ಬೇಕೆಂದೇ ಅಳಿಸಿ ನೇರ 4.00 ಕಳಿಸುತ್ತವೆ. ಸೆಟ್ಟಿಂಗ್‌ನಲ್ಲಿ ಅದನ್ನು ತೆಗೆಯಲು ಬಂದರೆ ತೆಗೆಯಿರಿ. ಸೊನ್ನೆ ಕೆಳಮುಖವಾಗಿ ಜಾರುತ್ತಿರುವುದೂ ಆಗಲೇ ಕಾಣುವುದು. ಸೊನ್ನೆ 3 ಪಿಪಿಎಂ ಕೆಳಗೆ ಜಾರಿದ ಸೆನ್ಸರ್ 5ರ ಅಲಾರಂ ಕೊಡಬೇಕಾದರೆ ನಿಜವಾದ ಗ್ಯಾಸ್ 8 ಇರಬೇಕಾಗುತ್ತದೆ.

'ಆಟೋ ಜೀರೋ' ಸೌಲಭ್ಯ ಇದ್ದರೆ ಆಫ್ ಮಾಡಿ. ದಿನಗಟ್ಟಲೆ ನಿಧಾನವಾಗಿ ಸೋರುವ ಗ್ಯಾಸನ್ನೇ ಅದು ಹೊಸ ಸೊನ್ನೆ ಎಂದು ಒಪ್ಪಿಕೊಂಡುಬಿಡಬಹುದು.

ಒಂದೇ ರೂಮಿನಲ್ಲಿ ಎರಡು ಡಿಟೆಕ್ಟರ್ ಇದ್ದರೆ ಹೋಲಿಸಿ ನೋಡುವ ಲಾಜಿಕ್ ಬರೆಯಿರಿ. ಪಂಪ್ ಚಾಲೂ ಆದಾಗಲೆಲ್ಲ ಒಂದು 2 ಪಿಪಿಎಂ ಏರುತ್ತಿದ್ದು ಪಕ್ಕದ್ದು ಕದಲದೇ ಇದ್ದರೆ, ಪಕ್ಕದ್ದಕ್ಕೆ ಗ್ಯಾಸ್ ಹಿಡಿದು ನೋಡುವ ಸಮಯ ಬಂದಿದೆ. ಎಸ್‌ಟಿಪಿಯ ದಿನನಿತ್ಯದ ಈ ಸಣ್ಣ ಏರಿಳಿತ ನಮಗೆ ಪುಕ್ಕಟೆಯಾಗಿ ಸಿಗುವ ಟೆಸ್ಟ್ ಗ್ಯಾಸ್. ತಿಂಗಳಾನುಗಟ್ಟಲೆ ಯಾವ ಪಂಪಿಗೂ ಏರದ ಸೆನ್ಸರನ್ನು ನಾನಂತೂ ನಂಬುವುದಿಲ್ಲ.

ಪರೀಕ್ಷೆಯ ಹೊತ್ತಿಗೆ ಅಲಾರಂ ತಡೆಹಿಡಿಯುವ ಇನ್‌ಹಿಬಿಟ್ ಸ್ವಿಚ್‌ಗೆ ಟೈಮರ್ ಕಡ್ಡಾಯ. 30 ನಿಮಿಷ ಕಳೆದರೆ ತಾನೇ ತೆಗೆದುಕೊಳ್ಳಬೇಕು.

ಹಂತ 5: ಫಾಲ್ಟ್ ಯಾರಿಗೆ ಹೋಗಬೇಕು, ಏನಾಗಬೇಕು

ನಾಮೂರ್ ಎನ್‌ಇ 107 ಉಪಕರಣದ ಸ್ಥಿತಿಯನ್ನು ನಾಲ್ಕಾಗಿ ವಿಂಗಡಿಸುತ್ತದೆ: ಕೆಟ್ಟಿದೆ, ಪರೀಕ್ಷೆಯಲ್ಲಿದೆ, ತನ್ನ ಮಿತಿಯಿಂದಾಚೆ ಕೆಲಸ ಮಾಡುತ್ತಿದೆ, ರಿಪೇರಿ ಬೇಕು. ಸಣ್ಣ ಘಟಕಕ್ಕೆ ಎರಡು ಸಾಕು. 'ರಿಪೇರಿ ಬೇಕು' ಎಂಬುದು ಮೇಂಟೆನೆನ್ಸ್‌ನವರ ಫೋನಿಗೆ ಮೆಸೇಜಾಗಿ ಹೋಗಲಿ. 'ಕೆಟ್ಟಿದೆ' ಎಂಬುದು ಆ ಕ್ಷಣವೇ ಆಪರೇಟರ್‌ಗೆ ಕೇಳಬೇಕು, ಹೂಟರ್‌ಗಿಂತ ಬೇರೆ ಸದ್ದಿನಲ್ಲಿ.

ರಾತ್ರಿ ಎರಡು ಗಂಟೆಗೆ ಫಾಲ್ಟ್ ಬಂದರೆ ಬೇಸ್‌ಮೆಂಟಿನಲ್ಲಿ ಒಬ್ಬನೇ ಇರುವ ಆಪರೇಟರ್ ಏನು ಮಾಡಬೇಕು? ಬಹಳ ಕಡೆ ಉತ್ತರ 'ಬಜರ್ ಒತ್ತಿ ಆಫ್ ಮಾಡುವುದು'. ಅದನ್ನು ಅವನ ವಿವೇಚನೆಗೆ ಬಿಡದೆ ಫಾಲ್ಟ್ ರಿಲೇಯನ್ನು ಎಕ್ಸಾಸ್ಟ್ ಫ್ಯಾನ್‌ನ ಕಾಂಟ್ಯಾಕ್ಟರ್‌ಗೂ ಜೋಡಿಸಿ. ಸೆನ್ಸರ್ ಕೆಟ್ಟರೆ ಫ್ಯಾನ್ ತಾನೇ ಓಡಲಿ. ಖರ್ಚು ಕೆಲವು ಮೀಟರ್ ಕೇಬಲ್ ಅಷ್ಟೇ. ಮೀಥೇನ್ ಬರಬಹುದಾದ ಜಾಗವಾದರೆ ಫ್ಯಾನ್ ಮೋಟಾರ್ ಫ್ಲೇಮ್‌ಪ್ರೂಫ್ (ಒಳಗಿನ ಕಿಡಿಯಿಂದ ಹೊರಗಿನ ಗ್ಯಾಸ್ ಹೊತ್ತದಂಥದ್ದು) ಇರಬೇಕು. ರಿಲೇ ಸದಾ ಚಾಲೂ ಸ್ಥಿತಿಯಲ್ಲಿದ್ದು ಫಾಲ್ಟ್ ಬಂದಾಗ ಬೀಳುವಂತೆ ವೈರಿಂಗ್ ಮಾಡಿ. ಆಗ ಕರೆಂಟ್ ಹೋದರೂ, ವೈರ್ ಕಡಿದರೂ ಫಾಲ್ಟ್ ಎಂದೇ ಕಾಣುತ್ತದೆ. ಡಿಟೆಕ್ಟರ್ ಸರಿಯಾಗುವವರೆಗೆ ಪಂಪಿನಿಂದ ಗಾಳಿ ಎಳೆಯುವ ಪೋರ್ಟಬಲ್ ಮಲ್ಟಿಗ್ಯಾಸ್ ಮೀಟರ್ ಇಲ್ಲದೆ ಯಾರೂ ಒಳಗೆ ಹೋಗುವಂತಿಲ್ಲ ಎಂದು ಬಾಗಿಲಿಗೆ ಬೋರ್ಡ್ ಹಾಕಿ.

ಹಂತ 6: ಗ್ಯಾಸ್ ಹಿಡಿದು ನೋಡುವುದು, ಅಂದರೆ ಬಂಪ್ ಟೆಸ್ಟ್

ಸ್ವಯಂ ತಪಾಸಣೆ ಕಾಣದ ಮುಂಬಾಗಿಲನ್ನು ನೋಡುವ ಖಚಿತ ದಾರಿ ಇದೊಂದೇ. ಬೇಕಾದ ಸಾಮಾನು: 25 ಪಿಪಿಎಂ ಹೈಡ್ರೋಜನ್ ಸಲ್ಫೈಡ್‌ನ ಸಣ್ಣ ಸಿಲಿಂಡರ್, ಸರ್ಟಿಫಿಕೇಟ್ ಮತ್ತು ಅವಧಿ ಮುಗಿಯುವ ದಿನಾಂಕದ ಸಮೇತ, ನಿಮಿಷಕ್ಕೆ ಅರ್ಧ ಲೀಟರ್ ಬಿಡುವ ರೆಗ್ಯುಲೇಟರ್, ಟೆಫ್ಲಾನ್ ಟ್ಯೂಬ್, ಮೊಬೈಲ್‌ನ ಸ್ಟಾಪ್‌ವಾಚ್. ಹೈಡ್ರೋಜನ್ ಸಲ್ಫೈಡ್, ಕ್ಲೋರಿನ್‌ನಂಥವು ರಬ್ಬರ್ ಟ್ಯೂಬಿನ ಒಳಗೋಡೆಗೇ ಅಂಟಿಕೊಂಡು ಸೆನ್ಸರ್ ಮುಟ್ಟುವಷ್ಟರಲ್ಲಿ ಕಡಿಮೆಯಾಗುತ್ತವೆ, ಆದ್ದರಿಂದ ಟ್ಯೂಬ್ ಗಿಡ್ಡ ಇರಲಿ. ಪೆಲ್ಲಿಸ್ಟರ್‌ಗೆ ಬಳಸುವ ಮೀಥೇನ್ ಗಾಳಿಯಲ್ಲಿ ಬೆರೆಸಿದ್ದಾಗಿರಬೇಕು, ನೈಟ್ರೋಜನ್‌ನಲ್ಲಿ ಬೆರೆಸಿದ್ದು ನಡೆಯದು.

ಫಿಲ್ಟರ್, ಸ್ಪ್ಲ್ಯಾಷ್ ಗಾರ್ಡ್ ಇದ್ದಂತೆಯೇ ಇರಲಿ. ಹಲವರು ಮೊದಲು ಅವನ್ನು ಬಿಚ್ಚಿ, ಒರೆಸಿ, ಆಮೇಲೆ ಗ್ಯಾಸ್ ಕೊಡುತ್ತಾರೆ. ಪರೀಕ್ಷೆ ಪಾಸಾಗುತ್ತದೆ, ನಿನ್ನೆಯವರೆಗೆ ಅದು ಮುಚ್ಚಿಹೋಗಿತ್ತು ಎಂಬುದು ದಾಖಲೆಗೆ ಬರುವುದಿಲ್ಲ. ಸ್ಪ್ಲ್ಯಾಷ್ ಗಾರ್ಡ್‌ನ ಒಳಗೇ ತೆರೆದುಕೊಳ್ಳುವ ಕ್ಯಾಲಿಬ್ರೇಶನ್ ನಳಿಗೆಯಿಂದ ಗ್ಯಾಸ್ ಕೊಟ್ಟರೂ ಇದೇ ಕಥೆ. ಹೊರಗಿನಿಂದ ಕಪ್ ಹಿಡಿದು ಕೊಡಿ.

ಗ್ಯಾಸ್ ಬಿಟ್ಟ ಕ್ಷಣ ಸ್ಟಾಪ್‌ವಾಚ್ ಒತ್ತಿ. ನಾಲ್ಕು ಅಂಕಿ ಬರೆದುಕೊಳ್ಳಿ: ಗ್ಯಾಸ್ ಕೊಡುವ ಮೊದಲಿನ ರೀಡಿಂಗ್, ಅರ್ಧ ಮುಟ್ಟಲು ಹಿಡಿದ ಸೆಕೆಂಡುಗಳು, ಎರಡು ನಿಮಿಷದ ಬಳಿಕ ನಿಂತ ರೀಡಿಂಗ್, ಗ್ಯಾಸ್ ತೆಗೆದ ಮೇಲೆ ಸೊನ್ನೆಗೆ ಮರಳಿದ ಸಮಯ. ಇವುಗಳಲ್ಲಿ ಹೆಚ್ಚು ಮಾತಾಡುವುದು ಎರಡನೆಯದು. ಸೆಲ್ ಮುದಿಯಾದರೆ ನಿಂತ ರೀಡಿಂಗ್ ಇಳಿಯುತ್ತದೆ. ಮುಂದಿನ ದಾರಿ ಕಟ್ಟಿಕೊಳ್ಳುತ್ತಿದ್ದರೆ ನಿಂತ ರೀಡಿಂಗ್ ಸರಿಯೇ ಇರಬಹುದು, ಮುಟ್ಟುವ ಸಮಯ ಮಾತ್ರ ಉದ್ದವಾಗುತ್ತ ಹೋಗುತ್ತದೆ. ಅಳವಡಿಸಿದ ದಿನದ ಸಮಯಕ್ಕಿಂತ ಎರಡು ಪಟ್ಟಾದರೆ ಫಿಲ್ಟರ್ ಬದಲಿಸಿ.

ರೀಡಿಂಗ್ 25ರ ಬದಲು 19 ಬಂದರೆ ತಕ್ಷಣ ಸ್ಪ್ಯಾನ್ (ಗ್ಯಾಸ್ ಇರುವಾಗಿನ ರೀಡಿಂಗ್‌ನ ಹೊಂದಾಣಿಕೆ) ತಿರುಗಿಸಿ ಸರಿಮಾಡುವ ಮುನ್ನ ಆ 19ನ್ನು ಪುಸ್ತಕದಲ್ಲಿ ಬರೆಯಿರಿ. ಗುತ್ತಿಗೆಯವರು ಕೊಡುವ ಸರ್ಟಿಫಿಕೇಟ್‌ನಲ್ಲಿ ಸರಿಮಾಡಿದ ಮೇಲಿನ ಅಂಕಿ ಮಾತ್ರ ಇದ್ದರೆ ಒಪ್ಪಿಕೊಳ್ಳಬೇಡಿ. ಹಣ ಕೊಟ್ಟು ಪಡೆಯುತ್ತಿರುವ ನಿಜವಾದ ಮಾಹಿತಿ ಮೊದಲಿನ ಅಂಕಿಯಲ್ಲೇ ಇದೆ.

ಆರು ತಿಂಗಳಿಗೊಮ್ಮೆಯಾದರೂ ಇನ್‌ಹಿಬಿಟ್ ಹಾಕದೆ, ಎಲ್ಲರಿಗೂ ಮೊದಲೇ ತಿಳಿಸಿ, ಗ್ಯಾಸ್ ಕೊಡಿ. ಹೂಟರ್ ಹೊಡೆಯಬೇಕು, ಫ್ಯಾನ್ ತಿರುಗಬೇಕು.

ಹಂತ 7: ಎಷ್ಟು ದಿನಕ್ಕೊಮ್ಮೆ?

ಒಂದು ಲೆಕ್ಕ ಮಾಡಿ ನೋಡೋಣ. ಒಂದು ಸೆನ್ಸರ್ ಯಾರಿಗೂ ಗೊತ್ತಾಗದಂತೆ ಸಾಯುವುದು ಸರಾಸರಿ 20 ವರ್ಷಕ್ಕೊಮ್ಮೆ ಎಂದು ಹಿಡಿಯೋಣ. ಇದು ಲೆಕ್ಕಕ್ಕಾಗಿ ಇಟ್ಟುಕೊಂಡ ಅಂಕಿ. ಸತ್ತ ಸೆನ್ಸರ್ ಸರಾಸರಿ ಎರಡು ಪರೀಕ್ಷೆಗಳ ನಡುವಿನ ಅರ್ಧ ಅವಧಿ ಹಾಗೆಯೇ ಬಿದ್ದಿರುತ್ತದೆ. ವರ್ಷಕ್ಕೊಮ್ಮೆ ಮಾತ್ರ ಪರೀಕ್ಷಿಸಿದರೆ, ಸಾವಿರ ಸಲ ಗ್ಯಾಸ್ ಬಂದಾಗ 25 ಸಲ ಅದು ಕೈಕೊಡುತ್ತದೆ. ಇಂಥ ಸಾವುಗಳಲ್ಲಿ 60 ಶೇಕಡಾ ಹಿಡಿಯುವ ಸ್ವಯಂ ತಪಾಸಣೆ ಸೇರಿಸಿದರೆ 25 ಹೋಗಿ 10. ಸ್ವಯಂ ತಪಾಸಣೆ ಇಲ್ಲದೆ ತಿಂಗಳಿಗೊಮ್ಮೆ ಗ್ಯಾಸ್ ಹಿಡಿದರೆ ಸುಮಾರು 2. ಎರಡೂ ಇದ್ದರೆ ಒಂದಕ್ಕಿಂತಲೂ ಕಡಿಮೆ. ಸುರಕ್ಷತಾ ಉಪಕರಣಗಳ ಅಂತರರಾಷ್ಟ್ರೀಯ ಮಾನದಂಡ ಐಇಸಿ 61508ರ ಸಿಲ್ (ಸುರಕ್ಷತೆಯ ಭರವಸೆಯ ಮಟ್ಟ) ಲೆಕ್ಕಾಚಾರದ ತಿರುಳು ಇದೇ. ಬಜೆಟ್ ಎರಡರಲ್ಲಿ ಒಂದಕ್ಕೆ ಮಾತ್ರ ಇದ್ದರೆ ಸಿಲಿಂಡರ್ ಕೊಳ್ಳಿ.

ಹಾಗಾಗಿ ಶುರುವಿನಲ್ಲಿ ತಿಂಗಳಿಗೊಮ್ಮೆ. ಆರು ತಿಂಗಳು 'ಮೊದಲಿನ ಅಂಕಿ' ಸ್ಥಿರವಾಗಿದ್ದರೆ ಅಂತರ ಹೆಚ್ಚಿಸುವ ಯೋಚನೆ ಮಾಡಬಹುದು. ಪೋರ್ಟಬಲ್ ಮೀಟರ್‌ಗೆ ಈ ರಿಯಾಯಿತಿ ಇಲ್ಲ, ಬಳಸುವ ಪ್ರತಿ ದಿನವೂ ಮೊದಲು ಬಂಪ್ ಟೆಸ್ಟ್. ಕರಾವಳಿಯಲ್ಲಿ ಮಳೆಗಾಲದ ಉದ್ದಕ್ಕೂ ಪೊರೆಯ ಮೇಲೆ ತೇವ ಕಟ್ಟುತ್ತದೆ. ಕಲಬುರಗಿ, ರಾಯಚೂರು, ಬಳ್ಳಾರಿ ಕಡೆಯ ಬೇಸಿಗೆಯ ಒಣ ಬಿಸಿಲು ಎಲೆಕ್ಟ್ರೋಲೈಟನ್ನೇ ಹೀರುತ್ತದೆ. ಆಯಾ ಊರಿನ ಕೆಟ್ಟ ಕಾಲದಲ್ಲಿ ಅಂತರ ಕಡಿಮೆ ಮಾಡಿ.

ಹಂತ 8: ಸೆಲ್ ಬದಲಿಸುವಾಗ

ಎಲೆಕ್ಟ್ರೋಕೆಮಿಕಲ್ ಸೆಲ್ ಸಾಮಾನ್ಯವಾಗಿ ಎರಡು, ಮೂರು ವರ್ಷ ಬಾಳುತ್ತದೆ. ಅದರ ವಯಸ್ಸು ತಯಾರಾದ ದಿನದಿಂದಲೇ ಶುರುವಾಗುವುದರಿಂದ, ಅಗ್ಗಕ್ಕೆ ಸಿಕ್ಕಿತೆಂದು ಐದಾರು ತಂದು ಸ್ಟೋರಿನಲ್ಲಿ ಇಡಬೇಡಿ. ಪೆಟ್ಟಿಗೆ ಮೇಲಿನ ದಿನಾಂಕ ನೋಡಿಯೇ ಸ್ವೀಕರಿಸಿ. ಹೊಸ ಸೆಲ್ ಹಾಕಿದ ಮೇಲೆ ಮ್ಯಾನ್ಯುಯಲ್ ಹೇಳಿದಷ್ಟು ಹೊತ್ತು ನೆಲೆಗೊಳ್ಳಲು ಬಿಟ್ಟು, ಆಮೇಲೆ ಸೊನ್ನೆ, ಸ್ಪ್ಯಾನ್ ಹೊಂದಿಸಿ. ಸೀರಿಯಲ್ ನಂಬರ್, ಹಾಕಿದ ದಿನಾಂಕ, ಆ ದಿನದ ನಾಲ್ಕು ಅಂಕಿಗಳನ್ನು ಪುಸ್ತಕದ ಹೊಸ ಪುಟದಲ್ಲಿ ಬರೆಯಿರಿ. ಮುಂದಿನ ಎಲ್ಲ ಹೋಲಿಕೆಯೂ ಆ ಅಂಕಿಗಳ ಜೊತೆಗೇ. ಹಳೆಯ ಸೆಲ್‌ನೊಳಗೆ ಆಸಿಡ್ ಇರುವುದರಿಂದ ಒಡೆಯಬೇಡಿ, ಕಸದ ಬುಟ್ಟಿಗೆ ಎಸೆಯದೆ ಇ-ತ್ಯಾಜ್ಯದವರಿಗೆ ಕೊಡಿ.